ಮೈಕ್ರೋವೇವ್‌ನಲ್ಲಿ ಸತುವಿನ ಆಕ್ಸೈಡ್ ಪದರ: ಕರಾವಳಿಯ ತೇವದಲ್ಲೂ ಅಳತೆ ತಪ್ಪದಂತೆ

ಸಾಣಿಕಟ್ಟೆಯ ಉಪ್ಪು ಭರಣಿಯಲ್ಲೇ ನೀರೊಡೆಯುವ ಆಷಾಢದಲ್ಲಿ ಕಾರವಾರ, ಕುಮಟಾ ಕಡೆಯ ಲ್ಯಾಬ್‌ಗಳಲ್ಲಿ ಸತುವಿನ ಲವಣವಾದ ಜಿಂಕ್ ನೈಟ್ರೇಟ್ ಬಾಟಲಿಯೂ ಕೆಸರಾಗುತ್ತದೆ. ತಕ್ಕಡಿ ಆ ನೀರನ್ನೂ ಸೇರಿಸಿಯೇ ತೂಗುತ್ತದೆ. ಡೋಪಿಂಗ್, ಅಂದರೆ ಸತುವಿನ ಆಕ್ಸೈಡ್‌ಗೆ ತುಸು ಅಲ್ಯೂಮಿನಿಯಂ ಬೆರೆಸುವ ಲೆಕ್ಕ ಕೆಡುವುದು ಅಲ್ಲೇ.

ಹಾಗಾಗಿ ಒಣಹವೆ ಇದ್ದಾಗಲೇ ಸ್ಟಾಕ್ ದ್ರಾವಣ (ಬೇಕಾದಾಗ ಅಳೆದು ಬಳಸುವ ಗಟ್ಟಿ ದ್ರಾವಣ) ಮಾಡಿಟ್ಟುಕೊಳ್ಳಿ. ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 14.9 ಗ್ರಾಂ, 100 ಮಿ.ಲೀ.ಗೆ: 0.5 ಮೋಲಾರ್. ಸತುವಿನ ಪ್ರಮಾಣ ಅಳೆಯುವ ಇಡಿಟಿಎ ಟೈಟ್ರೇಷನ್‌ನಿಂದ ಒಮ್ಮೆ ಖಚಿತಪಡಿಸಿಕೊಳ್ಳಿ. ಹೊಸದಾಗಿ ಒಡೆದ ಬಾಟಲಿಯ ಅಲ್ಯೂಮಿನಿಯಂ ನೈಟ್ರೇಟ್ ನೋನಾಹೈಡ್ರೇಟ್ 3.75 ಗ್ರಾಂ, 100 ಮಿ.ಲೀ.ಗೆ: 0.1 ಮೋಲಾರ್. ಒಂದು ಸಲಕ್ಕೆ ಬೇಕಾದ 37.5 ಮಿ.ಗ್ರಾಂ ತೂಗಲು ಪರದಾಡುವುದಕ್ಕಿಂತ 1 ಮಿ.ಲೀ. ಪಿಪೆಟ್ ಮಾಡುವುದು ಸುಲಭ. ಬಾವಿನೀರು ಬೇಡವೇ ಬೇಡ, ಡಿಅಯನೈಸ್ಡ್ ನೀರೇ ಆಗಬೇಕು. ಸಿಲ್ವರ್ ನೈಟ್ರೇಟ್ ಹನಿಗೆ ನೀರು ಬೆಳ್ಳಗಾದರೆ ಕ್ಲೋರೈಡ್ ಇದೆಯೆಂದೇ ಅರ್ಥ.

ಪದರ ಬೆಳೆಸುವ ಗಾಜನ್ನು ಸಾಬೂನು, ನೀರು, ಅಸಿಟೋನ್‌ನಲ್ಲಿ ತೊಳೆಯಿರಿ. ನೀರು ಹನಿಯಾಗಿ ಒಡೆಯದೆ ಹಾಳೆಯಂತೆ ನಿಲ್ಲಬೇಕು. ಎಥನಾಲ್‌ನಲ್ಲಿ ಕರಗಿಸಿದ 0.005 ಮೋಲಾರ್ ಜಿಂಕ್ ಅಸಿಟೇಟ್ ಹನಿಸಿ, ಎಥನಾಲ್‌ನಿಂದಲೇ ತೊಳೆದು ಒಣಗಿಸಿ, ನಾಲ್ಕು ಸಲ. ಎಥನಾಲ್ ಪೂರ್ತಿ ಆರಿದ ಮೇಲೆ ಕುಲುಮೆಯಲ್ಲಿ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಕಾಯಿಸಿದರೆ ಬೀಜಪದರ (ಮುಂದಿನ ಪದರ ಬೆಳೆಯಲು ಆಸರೆಯಾಗುವ ತೆಳು ಲೇಪ) ಸಿದ್ಧ.

ಸತುವಿನ ಸ್ಟಾಕ್ 10 ಮಿ.ಲೀ., ಅಲ್ಯೂಮಿನಿಯಂ ಸ್ಟಾಕ್ 1 ಮಿ.ಲೀ., ಹೆಕ್ಸಾಮಿನ್ 0.70 ಗ್ರಾಂ, ನೀರು ಸೇರಿಸಿ 100 ಮಿ.ಲೀ. ಮಾಡಿ. ಗಾಜನ್ನು ಬೀಜದ ಮುಖ ಕೆಳಗಿರುವಂತೆ ಓರೆಯಾಗಿ ಇಳಿಸಿ. ಇಲ್ಲವಾದರೆ ತಳಕ್ಕಿಳಿಯುವ ಬಿಳಿ ಪುಡಿ ಪದರದ ಮೇಲೆ ಕೂರುತ್ತದೆ.

ಇನ್ನು ಮೈಕ್ರೋವೇವ್ ಒಲೆ. 100 ಮಿ.ಲೀ. ನೀರು 30ರಿಂದ 90 ಡಿಗ್ರಿಗೆ ಏರಲು ಸುಮಾರು 25 ಕಿಲೋಜೂಲ್ ಸಾಕು. 800 ವಾಟ್‌ನಲ್ಲಿ ಅರೆನಿಮಿಷದ ಆಸುಪಾಸು. ಮನೆಬಳಕೆಯ ಹಲವು ಒಲೆಗಳಲ್ಲಿ ‘ಲೋ’ ಎಂದರೆ ಪೂರ್ಣ ಶಕ್ತಿಯೇ ಆಗಾಗ ಹತ್ತಿ ಆರುವುದು, ಅಷ್ಟೇ. 10 ಸೆಕೆಂಡ್ ಕೊಟ್ಟು, ನಿಲ್ಲಿಸಿ, ತಾಪ ನೋಡಿ. 85–90 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯ್ದುಕೊಳ್ಳಿ. ಅವಸರಪಟ್ಟರೆ ಕಣಗಳು ಗಾಜನ್ನು ಬಿಟ್ಟು ನೀರಲ್ಲೇ ಹುಟ್ಟುತ್ತವೆ: ಬೀಕರ್ ತುಂಬ ಹಾಲು, ಗಾಜು ಬೋಳು. ಬೀಕರ್‌ಗೆ ಬಿಗಿ ಮುಚ್ಚಳ ಬೇಡ. ಹೆಕ್ಸಾಮಿನ್ ಒಡೆದು ಫಾರ್ಮಾಲ್ಡಿಹೈಡ್, ಅಮೋನಿಯಾ ಬರುವುದರಿಂದ ಬೀಕರ್ ತೆರೆಯುವುದು ಫ್ಯೂಮ್ ಹುಡ್‌ನಲ್ಲೇ. ಈ ಒಲೆಯಲ್ಲಿ ಮತ್ತೆಂದೂ ಅನ್ನ ಬಿಸಿ ಮಾಡಬೇಡಿ.

ತೊಳೆದು, 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಕುಲುಮೆಯಲ್ಲೇ ತಣಿಯಲು ಬಿಡಿ. ದ್ರಾವಣದಲ್ಲಿ ಅಲ್ಯೂಮಿನಿಯಂ ಶೇ 2 ಇದ್ದರೆ ಪದರದಲ್ಲೂ ಅಷ್ಟೇ ಇದೆ ಎನ್ನಲಾಗದು. ಒಂದಷ್ಟು ಹೈಡ್ರಾಕ್ಸೈಡ್ ಆಗಿ ತಳ ಸೇರಿರುತ್ತದೆ. ವರದಿಯಲ್ಲಿ ‘ದ್ರಾವಣದಲ್ಲಿ ಶೇ 2’ ಎಂದೇ ಬರೆಯಿರಿ, ಪದರದ ಲೆಕ್ಕವನ್ನು ಇಡಿಎಸ್ (ಎಕ್ಸ್-ಕಿರಣಗಳಿಂದ ಧಾತುಗಳ ಪ್ರಮಾಣ ಅಳೆಯುವ ವಿಧಾನ) ಹೇಳಲಿ.