ಮೈನಾಗೆ ಮನೆ ಕೊಟ್ಟು ಮರಕುಟಿಗನನ್ನು ಉಳಿಸಿಕೊಂಡೆ

ಹೋದ ಏಪ್ರಿಲ್‌ನಲ್ಲಿ ನಮ್ಮ ಬಚ್ಚಲುಮನೆ ಹಿಂದಿನ ಒಣ ಹಾಲುವಾಣ ಮರದಿಂದ ಹೊಂಬೆನ್ನಿನ ಮರಕುಟಿಗದ ಎರಡು ಮರಿ ಹಾರಿದವು. ಮೂರು ವರ್ಷ ಕಾದಿದ್ದಕ್ಕೆ ಎರಡು ಮರಿ. ಲೆಕ್ಕ ಹಾಕಿದರೆ ಮರಿಯೊಂದಕ್ಕೆ ಏಳು ಸಾವಿರ ರೂಪಾಯಿ ಮೇಲೆ ಬಿದ್ದಿದೆ. ಆದರೂ ಒಣಮರ ನಿಲ್ಲಿಸಿ, ಮೈನಾ ಕಾಟ ತಪ್ಪಿಸಿ ಮರಕುಟಿಗ ಮರಿ ಮಾಡಿಸುವುದು ಆಗುವ ಕೆಲಸ ಅಲ್ಲ ಅಂದವರೆಲ್ಲ ಒಂದೊಂದು ಸಲ ಬಂದು ನೋಡಿ ಹೋದರು, ಅಷ್ಟು ಸಾಕು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಹಾಲುವಾಣಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೆ. ಬಳ್ಳಿ ಸೊರಗು ರೋಗಕ್ಕೆ ಹೋಯಿತು, ಹಿಂದೆಯೇ ಮರವೂ ಒಣಗಿತು. ಹಂಡೆ ಒಲೆಗೆ ಒಂದು ತಿಂಗಳ ಸೌದೆ ಅಂತ ಮನೆಯಲ್ಲಿ ಎಲ್ಲರ ಕಣ್ಣು ಅದರ ಮೇಲೆ. ನಾನು ಬಿಡಲಿಲ್ಲ. ಮೇಲಿನ ಕೊಂಬೆ ತೆಗೆಸಿ, ಸುಮಾರು 18 ಅಡಿ ನಿಲ್ಲಿಸಿ, ಎರಡು ಕಡೆ ತಂತಿ ಎಳೆದು ಕಟ್ಟಿಸಿದೆ. ಕೂಲಿ, ತಂತಿ ಸೇರಿ ಎರಡೂವರೆ ಸಾವಿರ ಹತ್ತಿರ ಆಯಿತು. ಒಣಮರ ಕಡಿಸಲಿಕ್ಕೆ ದುಡ್ಡು ಕೊಡುವವರುಂಟು, ನಿಲ್ಲಿಸಲಿಕ್ಕೆ ಕೊಟ್ಟವನು ನಾನೊಬ್ಬನೇ ಇರಬೇಕು. ತೆಂಗಾಗಿದ್ದರೆ ನಾನೂ ನಿಲ್ಲಿಸುತ್ತಿರಲಿಲ್ಲ. ಕೊಳೆತ ತೆಂಗಿನ ಬೊಡ್ಡೆಯಲ್ಲಿ ಕುರುವಾಯಿ ದುಂಬಿ ಮರಿ ಮಾಡಿ ತೋಟಕ್ಕೇ ಏರುತ್ತದೆ, ಅದು ನಿಮಗೂ ಗೊತ್ತು.

ಮೊದಲ ವರ್ಷ ಫೆಬ್ರವರಿಯಲ್ಲೇ ಜೋಡಿ ಬಂತು. ಬುಡದಲ್ಲಿ ಬಿಳಿ ಚಕ್ಕೆ ಬಿದ್ದಿದ್ದು ನೋಡಿ ಕುಣಿದುಬಿಟ್ಟೆ. ಓರೆಯಾಗಿ ನಿಂತ ಕೊಂಬೆಯ ಅಡಿಭಾಗ ಆರಿಸಿಕೊಂಡಿದ್ದವು, ಮಳೆ ನೀರು ಒಳಗೆ ಇಳಿಯದ ಜಾಗ. ಇಪ್ಪತ್ತು ದಿನ ಕುಟ್ಟಿದವು. ಜಾಸ್ತಿ ಕುಟ್ಟಿದ್ದು ಗಂಡೇ. ನೆತ್ತಿ ಪೂರ್ತಿ ಕೆಂಪಿದ್ದರೆ ಗಂಡು, ಮುಂದಲೆ ಕಪ್ಪಾಗಿ ಬಿಳಿ ಚುಕ್ಕೆ ಇದ್ದರೆ ಹೆಣ್ಣು, ಬರಿಗಣ್ಣಿಗೇ ತಿಳಿಯುತ್ತದೆ. ಪೊಟರೆ ಮುಗಿದ ಮಾರನೇ ದಿನವೇ ಗೊರವಂಕಗಳು, ಅಂದರೆ ಮೈನಾಗಳು, ಬಂದವು. ಅಷ್ಟು ದಿನ ಬಚ್ಚಲ ಮಾಡಿನ ಮೇಲೆ ಕೂತು ನೋಡುತ್ತಲೇ ಇದ್ದವಲ್ಲ, ಮನೆ ಒಕ್ಕಲಿಗೆ ಕಾದವರ ಹಾಗೆ! ಮೂರೇ ದಿನದಲ್ಲಿ ಹುಲ್ಲು, ಪ್ಲಾಸ್ಟಿಕ್ ಚೂರು, ಹಾವಿನ ಪೊರೆ ಎಲ್ಲ ಒಳಗೆ ತುಂಬಿದವು. ಮರಕುಟಿಗ ಪೊಟರೆಗೆ ಏನೂ ಹಾಸುವುದಿಲ್ಲ, ಬರೀ ಚಕ್ಕೆಯ ಮೇಲೆ ಮೊಟ್ಟೆ ಇಡುತ್ತದೆ. ಹುಲ್ಲು ಕಂಡರೆ ಅಲ್ಲಿಗೆ ಮುಗಿಯಿತು.

ಆ ಮೂರು ದಿನದಲ್ಲೇ ಒಂದು ಬೆಳಿಗ್ಗೆ ಕಣ್ಣಾರೆ ನೋಡಿದೆ. ಗೊರವಂಕವೊಂದು ಪೊಟರೆ ಬಾಯಿಗೆ ತಲೆ ತೂರಿಸಿತು. ಒಳಗಿಂದ ಗಂಡು ಕೊಕ್ಕಿನಲ್ಲಿ ಹಣೆಗೇ ಬಿಟ್ಟಿತು. ಗೊರವಂಕ ಬಿದ್ದಿತು, ಆದರೆ ಮರಕುಟಿಗದ ಕಾಲು ಹಿಡಿದುಕೊಂಡೇ ಬಿದ್ದಿತು. ಎರಡೂ ಬುಡದ ತರಗಿನಲ್ಲಿ ಉಂಡೆ ಕಟ್ಟಿಕೊಂಡು ಹೊರಳಿದವು. ಅಷ್ಟರಲ್ಲಿ ಇನ್ನೊಂದು ಗೊರವಂಕ ಮೇಲೆ ಪೊಟರೆಯೊಳಗೆ ಹೋಗಿಯಾಗಿತ್ತು. ಒಬ್ಬ ಜಗಳ ಆಡುವುದು, ಒಬ್ಬ ಒಳಗೆ ಸೇರುವುದು!

ಎರಡನೇ ವರ್ಷ ಪೆಟ್ಟಿಗೆ ಕಟ್ಟುವ ಯೋಚನೆ ಮಾಡಿದೆ. ಮೈನಾಗೆ ಬೇರೆ ಮನೆ ಸಿಕ್ಕರೆ ಇದನ್ನು ಬಿಡಬಹುದಲ್ವಾ ಅಂತ. ಹಳೇ ಹಲಸಿನ ಹಲಗೆ ಇತ್ತು, ಬಡಗಿಗೆ ಎರಡು ದಿನದ ಸಂಬಳ ಕೊಟ್ಟು ನಾಲ್ಕು ಪೆಟ್ಟಿಗೆ ಮಾಡಿಸಿದೆ. ನಾಲ್ಕನ್ನೂ ಅದೇ ಮರದ ಸುತ್ತ ಕಟ್ಟಿದೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಊರಿನ ಗೊರವಂಕವೆಲ್ಲ ಅಲ್ಲಿಗೇ ಬಂದು ಬೆಳಗಿಂದ ಸಂಜೆವರೆಗೆ ಕಿತ್ತಾಟ. ಮರಕುಟಿಗ ಅರ್ಧ ಕೊರೆದು ಬಿಟ್ಟು ಹೋಯಿತು. ಆ ಅರ್ಧ ತೂತನ್ನು ಕುಟ್ರು ಹಕ್ಕಿ ಮುಂದುವರಿಸಿ ತನ್ನದು ಮಾಡಿಕೊಂಡಿತು. ಹಕ್ಕಿ ನೋಡುವ ಗೆಳೆಯರೊಬ್ಬರು "ನೀನು ಮೈನಾ ಸಾಕ್ತಾ ಇದ್ದೀಯ" ಎಂದು ನಕ್ಕರು. ಉತ್ತರ ಇರಲಿಲ್ಲ.

ಆ ಮಳೆಗಾಲ ಪೂರ್ತಿ ಗೊರವಂಕಗಳನ್ನೇ ನೋಡುತ್ತಾ ಕೂತೆ. ಆಗ ಒಂದು ವಿಷಯ ಹೊಳೆಯಿತು. ಜಾಗ ಹಿಡಿದು ಕೂತ ಜೋಡಿ ಇನ್ನೊಂದು ಜೋಡಿಯನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾದರೆ ನನಗೆ ನಾಲ್ಕು ಪೆಟ್ಟಿಗೆ ಬೇಡ, ಒಂದೇ ಸಾಕು. ಕಾವಲಿಗೆ ಒಂದು ಜೋಡಿ ಇಟ್ಟುಕೊಂಡ ಹಾಗೆ.

ಮೂರು ಪೆಟ್ಟಿಗೆ ಬಿಚ್ಚಿದೆ. ಉಳಿದ ಒಂದನ್ನು ಒಣಮರದಿಂದ ಸುಮಾರು 40 ಅಡಿ ದೂರದ ಹಲಸಿನ ಮರಕ್ಕೆ ಡಿಸೆಂಬರ್ ಕೊನೆಯಲ್ಲೇ ಕಟ್ಟಿದೆ. ಇಲ್ಲಿ ತಿಂಗಳು ಮುಖ್ಯ. ಮರಕುಟಿಗ ಕುಟ್ಟಲು ಶುರು ಮಾಡುವ ಮೊದಲೇ ಮೈನಾ ಜೋಡಿ ನೆಲೆ ನಿಂತಿರಬೇಕು. ಪೆಟ್ಟಿಗೆಯ ಬಾಯಿ ಯಾವ ದಿಕ್ಕಿಗೆ, ಒಳಗೆ ಮೊದಲೇ ಏನು ಹಾಕಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎರಡು ವರ್ಷ ಬೈಸಿಕೊಂಡು ಕಲಿತದ್ದು, ನೀವೂ ಸ್ವಲ್ಪ ಒದ್ದಾಡಿ.

ಜನವರಿಯಲ್ಲಿ ಜೋಡಿ ಕೂತಿತು. ಫೆಬ್ರವರಿಯಲ್ಲಿ ಮರಕುಟಿಗ ಬಂತು. ಹೊರಗಿನ ಗೊರವಂಕ ಬಂದರೆ ನಮ್ಮ ಜೋಡಿಯೇ ಅಟ್ಟುತ್ತಿತ್ತು, ಕಾಡುಮೈನಾದ ಮೇಲೂ ಏರಿ ಹೋಗುತ್ತಿತ್ತು. ಅದೇನು ಮರಕುಟಿಗಕ್ಕೆ ಉಪಕಾರ ಮಾಡಲಿಕ್ಕಲ್ಲ, ತನ್ನ ಹೊಟ್ಟೆಪಾಡಿಗೆ. ನಡುವೆ ಗಿಳಿ ಜೋಡಿಯೊಂದು ಎರಡು ದಿನ ಪೊಟರೆ ಇಣುಕಿತು, ಯಾಕೋ ಮನಸ್ಸು ಬದಲಿಸಿತು. ಅದು ನನ್ನ ಅದೃಷ್ಟ, ಉಪಾಯ ಅಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದ್ದೆ. ಬಿಚ್ಚಿದ ಪೆಟ್ಟಿಗೆಗೆ ಗರಗಸದ ಹೊಟ್ಟು ಗಟ್ಟಿಯಾಗಿ ತುಂಬಿ ಕಟ್ಟಿದರೆ ಮರಕುಟಿಗ ತಾನೇ ಕೊರೆದು ಒಳಗೆ ಕೂರುತ್ತದೋ ನೋಡೋಣ ಅಂತ. ಹೊರಗಿನ ದೇಶಗಳಲ್ಲಿ ಕೆಲವು ಜಾತಿಗೆ ಹೀಗೆ ಮಾಡುತ್ತಾರೆ. ನನ್ನ ಪೆಟ್ಟಿಗೆಗೆ ಬಂದಿದ್ದು ಚಗಳಿ ಇರುವೆ, ಆಮೇಲೆ ಒಂದು ಅಳಿಲು. ಅದನ್ನು ಅಲ್ಲಿಗೇ ಬಿಟ್ಟೆ.

ಕೇರೆ ಹಾವು, ಉಡ ಹತ್ತದಂತೆ ಬುಡಕ್ಕೆ ಎರಡಡಿ ಅಗಲದ ತಗಡು ಸುತ್ತಿದ್ದೆ, ಆರುನೂರೋ ಏಳುನೂರೋ ಕೊಟ್ಟ ನೆನಪು. ಹೊಸ ತಗಡು ಬಿಸಿಲಿಗೆ ಫಳಫಳ ಹೊಳೆದು ಎರಡು ದಿನ ಹಕ್ಕಿ ಮರದ ಹತ್ತಿರವೇ ಸುಳಿಯಲಿಲ್ಲ. ಎದೆ ಧಸಕ್ಕೆಂದಿತು. ಸಂಜೆ ಸಗಣಿ ಬಗ್ಗಡ ಬಳಿದೆ. ಮಾರನೇ ಬೆಳಿಗ್ಗೆ ಗಂಡು ವಾಪಸ್.

ಇನ್ನು ಪೊಟರೆಯೊಳಗೆ ಇಳಿಸುವ ಕ್ಯಾಮೆರಾ. ಸಾವಿರದ ನಾನೂರು ಕೊಟ್ಟು ತರಿಸಿದ್ದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಟ್ಟರೂ ಬೇಟೆಯೇ ಎಂದು ಅದೇ ಗೆಳೆಯರು ನೆನಪಿಸಿದರು. ಸರಿ, ಮುಟ್ಟಲಿಲ್ಲ. ಬಚ್ಚಲ ಕಿಟಕಿಗೆ ಗೋಣಿಚೀಲ ಕಟ್ಟಿ, ಸಣ್ಣ ತೂತಿನಿಂದ ದುರ್ಬೀನಿನಲ್ಲಿ ನೋಡುವುದು. ಅದು ಸುಮಾರು ಒಂಬತ್ತು ಸಾವಿರದ್ದು, ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಸ್ನಾನಕ್ಕೆ ಕಾದವರ ಬೈಗುಳ ಲೆಕ್ಕಕ್ಕೆ ಸೇರಿಸಿಲ್ಲ.

ಮಾರ್ಚ್ ಮೊದಲ ವಾರದಿಂದ ಒಂದು ಹಕ್ಕಿ ಸದಾ ಒಳಗೇ ಇರತೊಡಗಿತು. ರಾತ್ರಿ ಪಾಳಿ ಗಂಡಿನದು. ಕತ್ತಲಾಗುವ ಹೊತ್ತಿಗೆ ಒಳಗೆ ಹೋಗಿ ಒಂದು ಸಲ ತಲೆ ಹೊರಗೆ ಹಾಕಿ ನೋಡುತ್ತಿತ್ತು, ಬಾಗಿಲು ಹಾಕುವ ಯಜಮಾನನ ಹಾಗೆ. ಹನ್ನೊಂದೋ ಹನ್ನೆರಡೋ ದಿನಕ್ಕೆ ಎರಡೂ ಸರದಿಯಲ್ಲಿ ಹೋಗಿಬರಲು ಶುರು ಮಾಡಿದವು, ಅಂದರೆ ಮೊಟ್ಟೆ ಒಡೆದಿತ್ತು. ಆಮೇಲೆ ಮೂರು ವಾರ. ಕೊನೆಯ ವಾರ ಕಿವಿಯನ್ನು ಮರಕ್ಕೆ ಆನಿಸದೆಯೇ ಮರಿಗಳ ಸದ್ದು ಕೇಳುತ್ತಿತ್ತು, ಜೇನುಗೂಡಿಗೆ ಕೋಲು ಹಾಕಿದ ಹಾಗೆ.

ಮರಿಗಳು ಹಾರಿ ವಾರ ಕಳೆದ ಮೇಲೆ ಕ್ಯಾಮೆರಾ ಇಳಿಸಿದೆ. ಒಳಗೆ ಒಂದೆಳೆ ಹುಲ್ಲಿಲ್ಲ, ಬರೀ ಚಕ್ಕೆ ಪುಡಿ. ಕ್ಯಾಮೆರಾ ಮೊದಲ ಮಳೆಗೇ ಸತ್ತಿತು.

ಈಗ ಆ ಪೊಟರೆಯಲ್ಲಿ ಮಡಿವಾಳ ಹಕ್ಕಿ ಸಂಸಾರ ಹೂಡಿದೆ. ಕೆರೆ ಬದಿಯಲ್ಲಿ ಇನ್ನೊಂದು ಹಾಲುವಾಣ ಒಣಗುತ್ತಿದೆ. ಮೊನ್ನೆ ಪಕ್ಕದ ಮನೆಯವರು ಅದನ್ನು ನೋಡಿಯೇ ಕೊಡಲಿ ಕೇಳಿಕೊಂಡು ಬಂದರು. ಕಾವು ಮುರಿದಿದೆ ಎಂದು ಹೇಳಿ ಕಳಿಸಿದೆ.