ಆರು ತುಂಬದವರ ಬುಧವಾರ

2020ರ ಮಕ್ಕಳ ದಿನಾಚರಣೆ ಹೊತ್ತಿಗೆ ಹಳ್ಳಿ ಮಕ್ಕಳಿಗೆ ಓದು ಹಚ್ಚಿಸುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ, 6ರಿಂದ 18 ವರ್ಷದ ಮಕ್ಕಳಿಗೆಲ್ಲ ಉಚಿತವಾಗಿ ಲೈಬ್ರರಿ ಸದಸ್ಯತ್ವ ಕೊಡಿ ಎಂದು ಗ್ರಾಮ ಪಂಚಾಯಿತಿ ಲೈಬ್ರರಿಯ ನಮಗೆ ಹೇಳಿದ್ದರು. ಕೊರೊನಾ ಕಾಲ, ಶಾಲೆ ಮುಚ್ಚಿತ್ತು. ಹುಡುಗರು ಗುಂಪುಗುಂಪಾಗಿ ಬಂದರು. ಬಂದವರ ಸೊಂಟದ ಮೇಲೆ ಕೂತು, ಲಂಗ ಜಗ್ಗುತ್ತ, ಮೂಗು ಸೋರಿಸುತ್ತ ಇನ್ನೊಂದಷ್ಟು ಜನ ಬಂದರು. ತಮ್ಮಂದಿರು, ತಂಗಿಯರು. ಇವರಿಗೆ ಆರು ತುಂಬಿರಲಿಲ್ಲ, ಹಾಗಾಗಿ ಕಾರ್ಡೂ ಇಲ್ಲ. ಅಕ್ಕ ಕತೆ ಪುಸ್ತಕ ಹುಡುಕಿಕೊಳ್ಳುವಷ್ಟರಲ್ಲಿ ಇವರು ಕೆಳಗಿನ ಗೂಡಿನಿಂದ ಪೇಪರ್ ಎಳೆದು ಹರಡಿ ಅದರ ಮೇಲೆ ಕೂತಿರುತ್ತಿದ್ದರು.

ನಾನು ತಿಪಟೂರು ಸೀಮೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮ ಲೈಬ್ರರಿಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದ ಮೇಲೆ ಗೋಡೆಗೆ ಬಣ್ಣ ಬಂತು, ಬೋರ್ಡು ‘ಅರಿವು ಕೇಂದ್ರ’ ಅಂತಾಯಿತು. ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ‘ಲೈಬ್ರಿ’, ನಾನು ‘ಲೈಬ್ರಿ ಅಕ್ಕ’. ಪುಟ್ಟ ಮಕ್ಕಳಿಗೆ ಕತೆ ಹೇಳು ಅಂತ ನನಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಪೇಪರ್ ಹರಿಯೋದು ನಿಲ್ಲಲಿ ಅಂತಲೇ ಶುರು ಮಾಡಿದ್ದು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನದ್ದು ನೆನೆದರೆ ಈಗಲೂ ನಾಚಿಕೆ. ಅಂಗನವಾಡಿ ಮತ್ತೆ ತೆರೆದ ಮೇಲೆ ಟೀಚರಿಗೆ ಹೇಳಿ ಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ಕರೆಸಿದೆ. ಒಂದೂವರೆ ವರ್ಷದ್ದೂ ಇತ್ತು, ಇನ್ನೇನು ಒಂದನೇ ಕ್ಲಾಸಿಗೆ ಹೋಗಬೇಕಾದದ್ದೂ ಇತ್ತು. ತಾಯಂದಿರನ್ನು ‘ನೀವು ಹೊರಗಿರಿ, ಗಲಾಟೆ ಆಗುತ್ತೆ’ ಅಂತ ಜಗಲಿಗೆ ಕಳಿಸಿದೆ. ಕುರ್ಚಿ ಮೇಲೆ ಕೂತು ಸಿಂಹ, ಮೊಲ, ನೀತಿ ಎಲ್ಲ ಇದ್ದ ಉದ್ದನೆಯ ಕತೆಯೊಂದನ್ನು ಓದತೊಡಗಿದೆ. ನಾಲ್ಕನೇ ನಿಮಿಷಕ್ಕೆ ಒಂದು ಕೂಸು ಅಮ್ಮನನ್ನು ನೆನೆಸಿಕೊಂಡಿತು. ಅದು ಅತ್ತಿದ್ದಕ್ಕೆ ಪಕ್ಕದ್ದು ಅತ್ತಿತು. ಜಮಖಾನದ ಮೂಲೆ ಒದ್ದೆಯಾಯಿತು. ಇಬ್ಬರು ಎದ್ದು ಕಂಪ್ಯೂಟರಿನ ವೈರು ಹಿಡಿದು ಜಗ್ಗುತ್ತಿದ್ದರು. ಆ ಕತೆಯಲ್ಲಿ ಸಿಂಹ ಎಷ್ಟು ಸಲ ಬಂತೋ, ‘ಕೂತ್ಕೊಳ್ರೋ’ ಅನ್ನುವ ಮಾತು ಅದಕ್ಕಿಂತ ಜಾಸ್ತಿ ಸಲ ಬಂದಿರಬೇಕು.

ಆವತ್ತು ನನ್ನನ್ನು ಉಳಿಸಿದ್ದು ಒಬ್ಬ ಅಜ್ಜಿ. ಮೊಮ್ಮಗುವನ್ನು ಕರೆದೊಯ್ಯಲು ಬಂದವಳು ಹೊಸ್ತಿಲ ಒಳಗೇ ಕಾಲು ಚಾಚಿ ಕೂತಳು. ಪಾದದ ಮೇಲೆ ಕೂಸನ್ನು ಕೂರಿಸಿಕೊಂಡು, ಎರಡೂ ಕೈ ಹಿಡಿದು ಮುಂದಕ್ಕೆ ಹಿಂದಕ್ಕೆ ತೂಗುತ್ತ ಆನೆ ಆಡಿಸತೊಡಗಿದಳು. ಕೊನೆಗೊಮ್ಮೆ ‘ಧಡ್’ ಅಂತ ಬೀಳಿಸುವ ಹಾಗೆ ಮಾಡಿ ಎತ್ತಿಕೊಂಡಳು. ಅಳುತ್ತಿದ್ದವೆಲ್ಲ ಅತ್ತ ತಿರುಗಿದವು. ‘ನಂಗೆ, ನಂಗೆ’ ಅಂತ ಸಾಲು ನಿಂತವು. ಅಜ್ಜಿ ನನ್ನ ಕಡೆ ನೋಡಿ, ‘ಕೂಸ್ಗೆ ಕತೆ ಕಿವೀಲಿ ಹೋಗಕಿಲ್ಲ ಕಣವ್ವ, ಮೈಯಾಗ್ ಹೋಯ್ತದೆ’ ಅಂದಳು. ನನ್ನ ಕೆಲಸದ ಅರ್ಧ ಪಾಠ ಅಲ್ಲೇ ಆಗಿಹೋಯಿತು.

ಅಲ್ಲಿಂದ ಮುಂದೆ ಎರಡು ತಂಡ ಮಾಡಿದೆ. ಮೂರು ವರ್ಷದೊಳಗಿನವರದು ಒಂದು. ಅವರ ಜೊತೆ ಅಮ್ಮನೋ ಅಜ್ಜಿಯೋ ಚಾಪೆ ಮೇಲೇ ಕೂರಬೇಕು. ಜಗಲಿಯಲ್ಲಿ ಕೂತು ಹರಟುವ ಹಾಗಿಲ್ಲ. ಮೂರರಿಂದ ಆರರವರೆಗಿನ ಅಂಗನವಾಡಿ ಮಕ್ಕಳದು ಇನ್ನೊಂದು. ಚಿಕ್ಕವರಿಗೆ ಇಪ್ಪತ್ತು ನಿಮಿಷ, ದೊಡ್ಡವರಿಗೆ ಅರ್ಧ ಗಂಟೆ, ಅದಕ್ಕಿಂತ ಮೇಲೆ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಬೇಡ. ಚೆನ್ನಾಗಿ ನಡೆಯುವಾಗಲೇ ನಿಲ್ಲಿಸಿದರೆ ಮುಂದಿನ ವಾರ ಅವರೇ ಅಮ್ಮನನ್ನು ಎಳೆದುಕೊಂಡು ಬರುತ್ತಾರೆ. ಚಿಕ್ಕವರ ತಂಡದಲ್ಲಿ ಹತ್ತು ಹನ್ನೆರಡು ಮಕ್ಕಳಿಗಿಂತ ಹೆಚ್ಚು ಇದ್ದರೆ ನನಗೆ ಆಗುವುದಿಲ್ಲ. ಹದಿಮೂರನೆಯದು ಬಂದರೆ ಬೇಡ ಅನ್ನುವುದೂ ಆಗುವುದಿಲ್ಲ, ಅದು ಬೇರೆ ಮಾತು.

ದಿನ ಗೊತ್ತುಮಾಡುವುದರಲ್ಲೂ ಎಡವಿದ್ದೇನೆ. ಮೊದಲು ಗುರುವಾರ ಇಟ್ಟಿದ್ದೆ. ನಮ್ಮಲ್ಲಿ ಗುರುವಾರ ಲಸಿಕೆ ದಿನ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸೂಜಿ ಚುಚ್ಚಿಸಿಕೊಂಡ ತೊಡೆ ಹಿಡಿದುಕೊಂಡು ಬಂದವು, ಬಿಳಿ ಸೀರೆ ಉಟ್ಟ ಅಜ್ಜಿಯನ್ನು ಕಂಡರೂ ನರ್ಸಮ್ಮ ಅಂತ ಹೆದರಿದವು. ಬುಧವಾರಕ್ಕೆ ಬದಲಾಯಿಸಿದೆ. ಹೊತ್ತು ಹತ್ತೂವರೆ: ಬೆಳಗಿನ ಹಾಲು ಕುಡಿದು ಹೊಟ್ಟೆ ತಣ್ಣಗಿರುತ್ತದೆ, ಮಧ್ಯಾಹ್ನದ ಊಟ, ನಿದ್ದೆ ಇನ್ನೂ ದೂರ. ರಾಗಿ ಕುಯ್ಲಿನ ತಿಂಗಳಲ್ಲಿ ಮಾತ್ರ ಯಾರೂ ಬರುವುದಿಲ್ಲ. ಆಗ ಸಂಜೆ ಐದಕ್ಕೆ, ಹೊಲದಿಂದ ಬರುವ ದಾರಿಯಲ್ಲೇ ನಿಲ್ಲಿಸಿಕೊಳ್ಳುತ್ತೇನೆ.

ಪೇಪರ್ ಓದುವ ತಾತಂದಿರು ತಕರಾರು ತೆಗೆದರು. ‘ಲೈಬ್ರಿ ಅಂದ್ರೆ ಸದ್ದಿರಬಾರ್ದು, ನೀನೇ ಬೋರ್ಡ್ ಹಾಕಿದ್ದೀಯಲ್ಲವ್ವ’ ಅಂದರು. ನಿಜ, ‘ನಿಶ್ಶಬ್ದ’ ಅಂತ ದಪ್ಪ ಅಕ್ಷರದಲ್ಲಿ ನಾನೇ ಬರೆದು ಹಾಕಿದ್ದೆ. ಬುಧವಾರ ಒಂದು ಗಂಟೆ ಹೊತ್ತು ಅದನ್ನು ತಿರುಗಿಸಿಡುತ್ತೇನೆ. ತಾತಂದಿರ ಪೈಕಿ ಒಬ್ಬರು ಎಮ್ಮೆ ಕೂಗನ್ನು ಅದ್ಭುತವಾಗಿ ಕೂಗುತ್ತಾರೆ ಅಂತ ಗೊತ್ತಾದದ್ದು ಆಮೇಲೆ. ಈಗ ಎಮ್ಮೆ ಬರುವ ಕತೆಗಳಿಗೆಲ್ಲ ಅವರೇ ಎಮ್ಮೆ.

ಇನ್ನು ಪುಸ್ತಕ ಹಿಡಿಯುವ ವಿಷಯ. ಓದಲು ಬಂದವರಿಗೆಲ್ಲ ಓದಿಸಲು ಬರುವುದಿಲ್ಲ; ನಾನೇ ಸಾಕ್ಷಿ. ಮೊದಮೊದಲು ಪುಸ್ತಕವನ್ನು ನನ್ನ ಕಡೆ ಹಿಡಿದು ಓದಿ, ಆಮೇಲೆ ತಿರುಗಿಸಿ ಚಿತ್ರ ತೋರಿಸುತ್ತಿದ್ದೆ. ತಿರುಗಿಸುವಷ್ಟರಲ್ಲಿ ಮಕ್ಕಳು ಕೈಬಿಟ್ಟಿರುತ್ತಿದ್ದರು. ಈಗ ಬಲಭುಜದ ಪಕ್ಕದಲ್ಲಿ, ಚಿತ್ರ ಅವರ ಕಡೆಗೇ ಇರುವಂತೆ ಹಿಡಿಯುತ್ತೇನೆ. ಕೆಳಗಿನಿಂದ ಬೆನ್ನು ಹಿಡಿದರೆ ಬೆರಳು ಚಿತ್ರಕ್ಕೆ ಅಡ್ಡ ಬರುವುದಿಲ್ಲ. ಮಾತು ಬಾಯಿಪಾಠ ಆಗಿರಬೇಕು, ಹಿಂದಿನ ರಾತ್ರಿ ಎರಡು ಸಲ ಮಗನ ಮುಂದೆ ಹೇಳಿಕೊಂಡಿರುತ್ತೇನೆ. ಕೂರುವುದು ಮಣೆ ಮೇಲೆ, ಅವರಿಗಿಂತ ಒಂದು ಗೇಣು ಎತ್ತರ, ಸಾಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಹಿಂದಿನ ಬೆಳಕಿಗೆ ನನ್ನ ಮುಖ, ಪುಸ್ತಕ ಎರಡೂ ಅವರಿಗೆ ಕಪ್ಪಗೆ ಕಾಣುತ್ತವೆ ಅನ್ನುವುದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಫ್ಯಾನ್ ಆಫ್ ಮಾಡುವುದಂತೂ ಕಡ್ಡಾಯ. ಹುಲಿ ಬರುವ ಪುಟ ಗಾಳಿಗೆ ಮೊದಲೇ ಹಾರಿಬಿಟ್ಟರೆ ಕತೆಯಲ್ಲಿ ಏನೂ ಉಳಿಯುವುದಿಲ್ಲ.

ಪ್ರತಿ ವಾರ ಒಂದು ಹೊಸ ಪುಸ್ತಕ, ಒಂದು ಹಳೆಯದು, ಒಂದು ಪುಸ್ತಕವೇ ಇಲ್ಲದ ಕತೆ. ಹೊಸದು ಮೊದಲು, ತಲೆ ಚುರುಕಾಗಿರುವಾಗ. ನಡುವೆ ಎದ್ದು ಕುಣಿಯುವುದು, ಕಪ್ಪೆ ಹಾರಿದ ಹಾಗೆ ಹಾರುವುದು, ಆಮೇಲೆ ಮೂಗಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೂರುವುದು. ಬಾಯಿಮಾತಿನ ಕತೆಗೆ ಕಾಗಕ್ಕ ಗುಬ್ಬಕ್ಕ ಇದ್ದೇ ಇದ್ದಾರೆ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುವಾಗ ನಾನು ನೆಲ ತಟ್ಟುತ್ತೇನೆ, ಅವರೂ ತಟ್ಟುತ್ತಾರೆ. ಕೊನೆಯಲ್ಲಿ ಕಾಗಕ್ಕನ ಬಾಲ ಸುಡುವುದನ್ನು ಚಿಕ್ಕವರಿಗೆ ಹೇಳುವುದಿಲ್ಲ. ಗುಬ್ಬಕ್ಕ ಬಾಗಿಲು ತೆಗೆದಳು, ಇಬ್ಬರೂ ಬೆಚ್ಚಗೆ ಕೂತರು, ಅಷ್ಟೆ. ಒಬ್ಬ ಅಜ್ಜಿಗೆ ಇದು ಸರಿಬರಲಿಲ್ಲ, ‘ಬಾಲ ಸುಡ್ದೇ ಇದ್ರೆ ಅದೆಂಥ ಕತೆ’ ಅಂತ ಚಾಪೆ ಮೇಲೇ ವಾದಕ್ಕೆ ನಿಂತಳು. ಅವಳ ಮನೆಯಲ್ಲಿ ಸುಡಲಿ, ನನ್ನ ಚಾಪೆಯಲ್ಲಿ ಬೇಡ.

ಪುಸ್ತಕ ಎಲ್ಲಿಂದ ಅಂತ ಕೇಳುವವರಿದ್ದಾರೆ. ನಮ್ಮ ಕಪಾಟಿನಲ್ಲಿರುವ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಓದಲು ಬರುವ ಮಕ್ಕಳಿಗೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ಅನ್ನುವ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬಿಟ್ಟಿಯಾಗಿ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಲೂಬಹುದು. ಮೊದಲ ಹಂತದವನ್ನು ಆರಿಸಿದರೂ ಎರಡು ವರ್ಷದವರಿಗೆ ಮಾತು ಜಾಸ್ತಿ ಆಗುತ್ತದೆ. ಪುಟಕ್ಕೆ ಒಂದೇ ವಾಕ್ಯ ಇಟ್ಟುಕೊಂಡು ಮಿಕ್ಕದ್ದನ್ನು ನುಂಗುತ್ತೇನೆ. ಒಮ್ಮೆ ಸುಲಭ ಅಂತ ಲೈಬ್ರರಿಯ ಟಿವಿಯಲ್ಲೇ ತೋರಿಸಿದೆ. ಮಕ್ಕಳು ಪಿಟ್ಟೆನ್ನದೆ ಕೂತರು. ಒಬ್ಬರೂ ಕಪ್ಪೆ ಹಾರಲಿಲ್ಲ, ಒಬ್ಬರೂ ಏನೂ ಕೇಳಲಿಲ್ಲ. ಆ ಸುಮ್ಮನಿರುವಿಕೆ ನನಗೆ ಹಿಡಿಸಲಿಲ್ಲ, ಮತ್ತೆ ಹಾಕಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಓಡಿದ್ದು ನಾನೇ ಮಾಡಿದ ಒಂದು ರಟ್ಟಿನ ಪುಸ್ತಕ. ಅಂಗಡಿಯಿಂದ ತಂದ ದಪ್ಪ ರಟ್ಟಿನ ಪೆಟ್ಟಿಗೆಯನ್ನು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿದ್ದು, ಎಂಟು ಪುಟ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚಿಗೆ ಬಟ್ಟೆ ಅಂಟಿಸಿ, ಎರಡು ತೂತು ಹೊಡೆದು ಚಪ್ಪಲಿ ಹೊಲಿಯುವ ದಾರದಲ್ಲಿ ಕಟ್ಟಿದ್ದು. ಮೊದಲ ಪುಟದಲ್ಲಿ ತೆಂಗಿನಮರ, ಎರಡನೆಯದರಲ್ಲಿ ಕಾಯಿ ಬೀಳುವುದು. ಕಾಯಿಗೆ ನಿಜವಾದ ನಾರನ್ನೇ ಅಂಟಿಸಿದ್ದೇನೆ, ಬೆರಳಿಟ್ಟರೆ ಚುಚ್ಚುತ್ತದೆ. ಆಮೇಲೆ ಕಾಯಿ ಗುಡುಗುಡು ಗುಡುಗುಡು ಉರುಳುತ್ತದೆ: ಕೋಳಿ ಮುಂದೆ, ಮೇಕೆ ಮುಂದೆ, ಎಮ್ಮೆ ಮುಂದೆ, ಅಜ್ಜಿ ಮುಂದೆ. ಏಳನೇ ಪುಟದಲ್ಲಿ ಕೆರೆ ಏರಿ. ಅಲ್ಲಿ ನಿಲ್ಲುತ್ತೇನೆ. ಪುಟ ತಿರುಗಿಸುವುದಿಲ್ಲ. ಉಸಿರು ಬಿಗಿ ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತೇನೆ. ಕತೆ ಗೊತ್ತಿರುವವು ಬಾಯಿ ಮುಚ್ಚಿಕೊಂಡು ನಡುಗುತ್ತಿರುತ್ತವೆ. ಪುಟ ಎತ್ತಿದ್ದೇ ತಡ, ‘ಬುಡುಕ್!’

ಆ ‘ಬುಡುಕ್’ಗಾಗಿ ಅದೇ ಪುಸ್ತಕವನ್ನು ಆರು ವಾರ ಬಿಡದೆ ಓದಿದ್ದೇನೆ. ದೊಡ್ಡವರಿಗೆ ಬೇಜಾರು, ಎರಡು ವರ್ಷದವರಿಗೆ ಅದೇ ಬೇಕು. ಮುಂದೇನು ಅಂತ ಗೊತ್ತಿರುವುದೇ ಅವರಿಗೆ ಸುಖ.

ಒಬ್ಬ ಹುಡುಗ ಬರುತ್ತಿದ್ದ, ಎರಡೂವರೆ ವರ್ಷದವನು. ಚಾಪೆಗೆ ಬರಲೊಲ್ಲ, ಪೇಪರ್ ಮೇಜಿನ ಕೆಳಗೆ ಹೊಕ್ಕು ನಮಗೆ ಬೆನ್ನು ಹಾಕಿ ಕೂರುತ್ತಿದ್ದ. ಕರೆದರೆ ಇನ್ನೂ ಒಳಕ್ಕೆ ಸರಿಯುತ್ತಿದ್ದ. ಅವನಮ್ಮನಿಗೆ ಅವಮಾನ, ‘ಇದ್ಯಾಕೋ ಕೇಳಲ್ಲ ಅಕ್ಕ, ಮುಂದಿನ ವಾರದಿಂದ ಕರ್ಕೊಂಬರಲ್ಲ’ ಅಂದಳು. ಇರಲಿ ಬಿಡು, ಮೇಜೂ ಲೈಬ್ರಿದೇ ಅಂದೆ. ಮೂರನೆಯದೋ ನಾಲ್ಕನೆಯದೋ ವಾರ ಅವನಜ್ಜಿ ದೂರು ತಂದಳು: ‘ಏನವ್ವಾ ಹೇಳ್ಕೊಟ್ಟಿದ್ದೀಯ ನಮ್ಮ ಹೈದ್ನಿಗೆ? ತೊಟ್ಟಿಗೆ ಒಂದೊಂದೇ ಆಲೂಗಡ್ಡೆ ಹಾಕ್ತಾನೆ, ಬುಡುಕ್ ಅಂತಾನೆ. ನಿನ್ನೆ ನನ್ ಎಲೆಅಡಿಕೆ ಚೀಲಾನೂ ಬುಡುಕ್ ಮಾಡವ್ನೆ.’ ಅಜ್ಜಿಗೆ ಹೊಸ ಚೀಲ ಹೊಲಿಸಿಕೊಟ್ಟೆ. ಹುಡುಗ ಮೇಜಿನ ಕೆಳಗೇ ಇದ್ದ ಇನ್ನೂ ಬಹಳ ದಿನ.

ನಮ್ಮೂರಲ್ಲಿ ಉರ್ದು ಮನೆಗಳಿವೆ, ಹತ್ತಿರದಲ್ಲೇ ಲಂಬಾಣಿ ತಾಂಡ್ಯ ಇದೆ. ಮನೆಯಲ್ಲಿ ಕನ್ನಡ ಆಡದ ಮಕ್ಕಳು ಮೊದಮೊದಲು ಸುಮ್ಮನೆ ನನ್ನ ಬಾಯಿ ನೋಡುತ್ತಿದ್ದವು. ಒಂದು ದಿನ ಮೂಲೆಯಲ್ಲಿದ್ದ ತಾಯಿಯೊಬ್ಬಳು ಮಗಳ ಕಿವಿಯಲ್ಲಿ ‘ನಾರಿಯಲ್’ ಅಂದದ್ದು ಕೇಳಿಸಿತು. ಗಟ್ಟಿಯಾಗೇ ಹೇಳಿ ಅಂದೆ. ಈಗ ತೆಂಗಿನಕಾಯಿ ನಾರಿಯಲ್ ಆಗಿಯೂ ಉರುಳುತ್ತದೆ, ಲಂಬಾಣಿಯಲ್ಲಿ ಏನನ್ನುತ್ತಾರೋ ಹಾಗೂ ಉರುಳುತ್ತದೆ. ಅದನ್ನು ಹೇಳುವ ಕೆಲಸ ಅಲ್ಲಿಯ ಅಜ್ಜಿಯದು, ನನ್ನ ನಾಲಿಗೆ ಹೊರಳುವುದಿಲ್ಲ. ‘ಗುಡುಗುಡು’ ಮತ್ತು ‘ಬುಡುಕ್’ ಮಾತ್ರ ಎಲ್ಲರಿಗೂ ಒಂದೇ.

ತಿಂಡಿ ಕೊಡುವುದಿದ್ದರೆ ಬಾಳೆಹಣ್ಣು. ಶುರುವಿನಲ್ಲಿ ಕಡ್ಲೆಪುರಿಗೆ ಕಡ್ಲೆಕಾಯಿ ಬೀಜ ಬೆರೆಸಿ ಹಂಚಿದ್ದೆ. ನಗುತ್ತ ತಿನ್ನುತ್ತಿದ್ದ ಒಂದು ಕೂಸಿಗೆ ಬೀಜ ಗಂಟಲಿಗೆ ಸಿಕ್ಕಿತು. ಅಂಗನವಾಡಿ ಟೀಚರು ತಟ್ಟನೆ ಮಗುಚಿ ಹಿಡಿದು ಬೆನ್ನಿಗೆ ಗುದ್ದಿ ತೆಗೆದರು. ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೀಜ, ಹುರಿಗಡಲೆ, ಗಟ್ಟಿ ಪೆಪ್ಪರ್ಮೆಂಟು ಯಾವುದೂ ಚಾಪೆ ಹತ್ತಿರ ಬರಬಾರದು.

ಪುಸ್ತಕ ಹರಿಯುತ್ತವೆ, ಕಚ್ಚಿಸಿಕೊಳ್ಳುತ್ತವೆ, ಒದ್ದೆಯಾಗುತ್ತವೆ. ಲೆಕ್ಕ ತಪಾಸಣೆಯ ಭಯಕ್ಕೆ ಮೊದಲು ಮಕ್ಕಳ ಕೈಗೆ ಕೊಡುತ್ತಲೇ ಇರಲಿಲ್ಲ. ಈಗ ಒಂದು ಬುಟ್ಟಿ ಬೇರೆ ಇಟ್ಟಿದ್ದೇನೆ: ಪ್ರಿಂಟ್ ಹಾಕಿಸಿದವು, ದಾನ ಬಂದವು, ನಾನು ಮಾಡಿದವು. ಸ್ಟಾಕ್ ರಿಜಿಸ್ಟರಿಗೆ ಸೇರದ ಪುಸ್ತಕಗಳು, ಹರಿದರೆ ಯಾರಿಗೂ ಉತ್ತರ ಕೊಡಬೇಕಿಲ್ಲ. ಕತೆ ಮುಗಿದ ಮೇಲೆ ಹತ್ತು ನಿಮಿಷ ಬುಟ್ಟಿ ಅವರದು. ಕೆಲವರು ತಲೆಕೆಳಗು ಹಿಡಿದು ಓದುತ್ತಾರೆ, ಕೆಲವರು ನೆಕ್ಕುತ್ತಾರೆ. ಮನೆಗೆ ಬೇಕೆಂದರೆ ತಾಯಿಯ ಹೆಸರಲ್ಲಿ ಬರೆದು ಕೊಡುತ್ತೇನೆ. ತಮ್ಮ ಹೆಸರನ್ನೂ ರಿಜಿಸ್ಟರಿನಲ್ಲಿ ಕಂಡ ಮೇಲೆ ಇಬ್ಬರು ತಾಯಂದಿರು ತಮಗೂ ಅಂತ ಕಾದಂಬರಿ ಒಯ್ದರು.

ರಟ್ಟಿನ ಪುಸ್ತಕದ ಮೊದಲ ಪ್ರತಿ ವರ್ಷದಲ್ಲೇ ಸವೆದುಹೋಯಿತು, ಕಾಯಿಯ ನಾರೆಲ್ಲ ಕಿತ್ತು ಬೋಳಾಗಿತ್ತು. ಕಳೆದ ತಿಂಗಳು ಮೂರನೆಯದು ಮಾಡಿದೆ. ಕಪ್ಪು ಬಣ್ಣ ಮುಗಿದಿದ್ದರಿಂದ ಮೇಕೆಯನ್ನು ಬಿಳಿ ಬಿಟ್ಟೆ. ಬುಧವಾರ ನಾಲ್ಕನೇ ಪುಟ ತಿರುಗಿಸಿದೆ, ಚಾಪೆ ಸ್ತಬ್ಧ. ಮೇಜಿನ ಕೆಳಗಿದ್ದನಲ್ಲ, ಅವನ ತಂಗಿ ಈಗ ಬರುತ್ತಾಳೆ. ಅವಳು ಎದ್ದು ಬಂದು ಮೇಕೆ ಮೇಲೆ ಬೆರಳಿಟ್ಟು, ‘ಇದ್ ನಮ್ ಮೇಕೆ ಅಲ್ಲ’ ಅಂದಳು. ಮಿಕ್ಕವರೂ ಅಲ್ಲ ಅಲ್ಲ ಅಂದರು. ಕತೆ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಅಂಗನವಾಡಿ ಆಯಾ ಎದ್ದು ಪಕ್ಕದ ಮನೆಯ ಒಲೆಯಿಂದ ಒಂದು ಇದ್ದಿಲು ತಂದಳು, ಎಲ್ಲರ ಎದುರಿಗೇ ಮೇಕೆಗೆ ಬಳಿದೆ. ಆ ಹುಡುಗಿ ಬಗ್ಗಿ ನೋಡಿ, ಬಾಲ ಬಾಕಿ ಉಳಿದಿದೆ ಅಂದಳು. ಅದನ್ನೂ ಬಳಿದ ಮೇಲೆ ಹೋಗಿ ಕೂತಳು.