ತಿಂಗಳುಗಟ್ಟಲೆ ನಿಂತ ಕಾರಿಗೆ ರಿಮೋಟ್ ಕೇಳದಿದ್ದರೆ

ರಜೆಗೆಂದು ಊರಿಗೆ ಹೋದವರು, ವಿದೇಶದಲ್ಲಿರುವ ಮಕ್ಕಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರುವ ಹಿರಿಯರು ಈಗ ಬಹಳ ಮಂದಿ. ಅಷ್ಟೂ ದಿನ ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸುಮ್ನೆ ನಿಂತಿರುತ್ತದೆ. ಬಂದು ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ಆಗ ಹೊಸ ರಿಮೋಟ್ ತರಲು ಓಡಬೇಡಿ. ಇಂಥ ಕಡೆ ಬಹಳ ಸಲ ರಿಮೋಟ್ ಚೆನ್ನಾಗಿಯೇ ಇರುತ್ತದೆ, ಇಳಿದಿರುವುದು ಕಾರಿನ ಬ್ಯಾಟರಿ.

ಕಾರು ನಿಂತಿದ್ದರೂ ಅದರೊಳಗೆ ಕೆಲವು ಭಾಗಗಳು ಎಚ್ಚರವಾಗಿಯೇ ಇರುತ್ತವೆ. ಅಲಾರಂ, ಗಡಿಯಾರ, ರಿಮೋಟ್ ಸಿಗ್ನಲ್‌ಗಾಗಿ ಕಾಯುವ ರಿಸೀವರ್, ಎಲ್ಲಕ್ಕೂ ಕರೆಂಟ್ ಬೇಕು. ಸಾಮಾನ್ಯವಾಗಿ ಇದು 20ರಿಂದ 50 ಮಿಲಿಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್ ಅವರ್ (ಒಂದು ಆಂಪಿಯರ್‌ನಂತೆ 35 ಗಂಟೆ ಕೊಡುವಷ್ಟು) ಬ್ಯಾಟರಿಯಿಂದ ಹಗಲೂ ರಾತ್ರಿ ಬಿಡದೆ 50 ಮಿಲಿಆಂಪಿಯರ್ ಹೋಗುತ್ತಿದ್ದರೆ ಲೆಕ್ಕದ ಪ್ರಕಾರ ತಿಂಗಳೊಳಗೆ ಪೂರ್ತಿ ಖಾಲಿ. ಬ್ಯಾಟರಿ ಹಳೆಯದಾಗಿದ್ದರೆ, ಬಿಸಿಲಲ್ಲಿ ನಿಂತಿದ್ದರೆ ಇನ್ನೂ ಬೇಗ.

ಮೊದಲು ರಿಮೋಟ್ ಮೇಲಿನ ಪುಟ್ಟ ದೀಪ ನೋಡಿ. ಅದು ಮಿನುಗಿದರೆ ಸೆಲ್‌ನಲ್ಲಿ ಜೀವ ಇದೆ ಎಂದರ್ಥ. ದೀಪವೇ ಇಲ್ಲದ ರಿಮೋಟ್‌ಗಳೂ ಇವೆ. ಮನೆಯಲ್ಲಿ ಇನ್ನೊಂದು ರಿಮೋಟ್ ಇದ್ದರೆ ಅದನ್ನೂ ಒತ್ತಿ ನೋಡಿ. ಎರಡಕ್ಕೂ ಕಾರು ಮಾತಾಡದಿದ್ದರೆ ಅನುಮಾನ ಕಾರಿನ ಬ್ಯಾಟರಿಯ ಕಡೆಗೇ ಹೋಗಬೇಕು.

ಇನ್ನು ಕೀ ಹಾಕಿ ಬಾಗಿಲು ತೆಗೆಯಿರಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಸ್ಮಾರ್ಟ್ ಕೀ ಒಳಗೂ ಸಾಮಾನ್ಯವಾಗಿ ಒಂದು ಲೋಹದ ಕೀ ಅಡಗಿರುತ್ತದೆ. ಬದಿಯ ಸಣ್ಣ ಗುಂಡಿ ಸರಿಸಿ ಎಳೆದರೆ ಅದು ಹೊರಗೆ ಬರುತ್ತದೆ. ಕೆಲವು ಕಾರುಗಳಲ್ಲಿ ಕೀ ಹಾಕುವ ತೂತು ಡ್ರೈವರ್ ಬಾಗಿಲ ಹಿಡಿಯ ಪಕ್ಕದ ಮುಚ್ಚಳದಡಿ ಇರುತ್ತದೆ. ವರ್ಷಗಟ್ಟಲೆ ಕೀ ಹಾಕದ ಬೀಗ ಬಿಗಿಯಾಗಿರಬಹುದು. ಬಲವಾಗಿ ತಿರುಗಿಸಬೇಡಿ, ಕೀ ಮುರಿದರೆ ತಲೆನೋವು ಜಾಸ್ತಿ. ಸ್ವಲ್ಪ ಗ್ರ್ಯಾಫೈಟ್ ಪುಡಿ ಊದಿ, ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ. ಕೊಬ್ಬರಿ ಎಣ್ಣೆ ಬೇಡ, ಅದಕ್ಕೆ ಧೂಳು ಅಂಟುತ್ತದೆ. ಕೀಯಿಂದ ತೆಗೆದಾಗ ಅಲಾರಂ ಕೂಗಿದರೆ ಗಾಬರಿಯಾಗಬೇಡಿ. ಇಗ್ನಿಷನ್ ಆನ್ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಸ್ಮಾರ್ಟ್ ಕೀಯ ಸೆಲ್ ಸತ್ತಿದ್ದರೂ ಹಲವು ಕಾರುಗಳಲ್ಲಿ ಆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಕಾರು ಗುರುತು ಹಿಡಿಯುತ್ತದೆ.

ಒಳಗೆ ಕೂತ ಮೇಲೆ ಮೇಲಿನ ದೀಪ ಹಾಕಿ ನೋಡಿ. ಇದೇ ಮುಖ್ಯ ಪರೀಕ್ಷೆ. ಬೆಳಕು ಚೆನ್ನಾಗಿದ್ದು ಎಂಜಿನ್ನೂ ಸ್ಟಾರ್ಟ್ ಆದರೆ ದೋಷ ಬಹುಶಃ ರಿಮೋಟ್ ಸೆಲ್‌ನದು. ದೀಪ ಮಂಕಾಗಿದ್ದರೆ ಅಥವಾ ಉರಿಯದಿದ್ದರೆ ಬ್ಯಾಟರಿಯದು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗೆ ಬಂದಿದ್ದರೆ ಬಹುತೇಕ ಖಾಲಿ.

ಸೆಲ್ ಬದಲಿಸುವುದು ಸುಲಭ. ಹಲವು ರಿಮೋಟ್‌ಗಳಿಗೆ 3 ವೋಲ್ಟಿನ ಸಿಆರ್ 2032 ಸೆಲ್ ಬರುತ್ತದೆ. ಆದರೂ ಹಳೆಯ ಸೆಲ್ ಮೇಲಿನ ನಂಬರ್ ನೋಡಿಯೇ ತನ್ನಿ, ವಾಚ್ ಅಂಗಡಿಗಳಲ್ಲಿ ಸಿಗುತ್ತದೆ. ಪ್ಲಸ್ ಗುರುತು ಮೊದಲು ಯಾವ ಕಡೆ ಇತ್ತೋ ಹಾಗೇ ಕೂರಿಸಿ. ತೆಗೆದ ಸೆಲ್ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ? ರಿಮೋಟ್ ಒತ್ತಿದಾಗಲೆಲ್ಲ ಹೊಸ ಕೋಡ್ ಹೊರಡುತ್ತದೆ. ಕಾರು ತಾನು ಕೊನೆಗೆ ಕೇಳಿದ ಕೋಡ್‌ನ ಮುಂದಿನ ಕೆಲವನ್ನು ಮಾತ್ರ ಒಪ್ಪುತ್ತದೆ. ಮನೆಯಲ್ಲಿ ಮಗು ರಿಮೋಟ್ ಹಿಡಿದು ಆಡಿದ್ದರೆ ಕಾರು, ರಿಮೋಟ್ ಎರಡರ ಲೆಕ್ಕ ತಪ್ಪುತ್ತದೆ. ಕಾರಿನ ಪಕ್ಕ ನಿಂತು ಎರಡು ಮೂರು ಸಲ ಬಿಟ್ಟು ಬಿಟ್ಟು ಒತ್ತಿ. ಕೆಲವು ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದರೆ ಸರಿಹೋಗುತ್ತದೆ. ನಿಮ್ಮ ಕಾರಿನ ಕ್ರಮ ಅದರ ಕೈಪಿಡಿಯಲ್ಲಿರುತ್ತದೆ.

ಬ್ಯಾಟರಿಯೇ ಇಳಿದಿದ್ದರೆ ಜಂಪ್ ಸ್ಟಾರ್ಟ್ ಮಾಡಬೇಕು, ಅಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಕೇಬಲ್ ಮೂಲಕ ಕರೆಂಟ್ ಪಡೆದು ಸ್ಟಾರ್ಟ್ ಮಾಡಬೇಕು. ಬ್ಯಾಟರಿ ಊದಿದ್ದರೆ ಅಥವಾ ಸೋರುತ್ತಿದ್ದರೆ ಮುಟ್ಟಬೇಡಿ, ಮೆಕ್ಯಾನಿಕ್‌ನನ್ನು ಕರೆಸಿ. ಎರಡೂ ಕಾರು ಆಫ್ ಇರಲಿ, ಒಂದಕ್ಕೊಂದು ತಾಗದಿರಲಿ. ಕೆಂಪು ಕೇಬಲ್‌ನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಇನ್ನೊಂದು ತುದಿಯನ್ನು ಇಳಿದ ಬ್ಯಾಟರಿಗೆ ಹಾಕದೆ, ಅದೇ ಕಾರಿನ ಎಂಜಿನ್ನಿನಲ್ಲಿ ಬ್ಯಾಟರಿಯಿಂದ ದೂರವಿರುವ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಬ್ಯಾಟರಿ ಹತ್ತಿರ ಕಿಡಿ ಹಾರಿದರೆ ಅಲ್ಲಿನ ಗ್ಯಾಸ್‌ಗೆ ಬೆಂಕಿ ತಗಲಬಹುದು. ಸಹಾಯಕ್ಕೆ ಬಂದ ಕಾರು ಐದು ನಿಮಿಷ ಓಡಿದ ಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ಕೇಬಲ್ ತೆಗೆಯುವಾಗ ಕೊನೆಯದು ಮೊದಲು. ನಂತರ ಕನಿಷ್ಠ ಅರ್ಧ ಗಂಟೆ ಓಡಿಸಿ. ಪೂರ್ತಿ ಬತ್ತಿದ ಬ್ಯಾಟರಿಗೆ ಅದೂ ಸಾಲದು, ಬ್ಯಾಟರಿ ಅಂಗಡಿಯಲ್ಲಿ ಚಾರ್ಜ್ ಮಾಡಿಸಿ.

ಬ್ಯಾಟರಿ ತುಂಬಿದ ಮೇಲೂ ಒಂದೇ ಬಾಗಿಲು ಕೇಳದಿದ್ದರೆ ಆ ಬಾಗಿಲಿನ ಲಾಕ್ ಮೋಟರ್ ಹಿಡಿದುಕೊಂಡಿರಬಹುದು. ಎಲ್ಲ ಬಾಗಿಲೂ ಕೇಳದಿದ್ದರೆ ಫ್ಯೂಸ್ ನೋಡಿಸಿ. ಬಾನೆಟ್ ಒಳಗೆ ಇಲಿ ವೈರ್ ಕಡಿದಿದೆಯೇ ಎಂದೂ ನೋಡಿ, ನಿಂತ ಕಾರುಗಳಲ್ಲಿ ಇದು ಸಾಮಾನ್ಯ.

ಮುಂದಿನ ಸಲ ಊರಿಗೆ ಹೊರಡುವ ಮುನ್ನ, ವಾರಕ್ಕೊಮ್ಮೆ ಓಡಿಸುವವರು ಇದ್ದರೆ ಕೀ ಕೊಟ್ಟು ಹೋಗಿ. ಇಲ್ಲವಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಸಿ, ಬಾಗಿಲನ್ನು ಕೀಯಿಂದಲೇ ಬೀಗ ಹಾಕಿ. ಟರ್ಮಿನಲ್ ಬಿಚ್ಚದಿದ್ದರೆ ಸ್ಮಾರ್ಟ್ ಕೀಯನ್ನು ಕಾರಿನ ಹತ್ತಿರದ ಗೋಡೆಗೆ ನೇತು ಹಾಕಬೇಡಿ. ಹತ್ತಿರವಿದ್ದರೆ ಎರಡೂ ಮತ್ತೆ ಮತ್ತೆ ಮಾತಾಡಿಕೊಂಡು ಎರಡರ ಬ್ಯಾಟರಿಯೂ ಬೇಗ ಇಳಿಯುತ್ತದೆ.